ಹಾಜರಿಯಲ್ಲಿ ನಂಜಿಯ ಹೆಸರು

ಅರವತ್ತನಾಲ್ಕನೇ ವಯಸ್ಸಿನಲ್ಲಿ ದೊಡ್ಡತಾಯಮ್ಮ ಬಿಳಿಯರ ಮನೆಯ ಮುದುಕನನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರಟಾಗ ಅಮೆರಿಕದ ಫ್ರೀಮಾಂಟಿನ ಕನ್ನಡದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನರ್ಸಾಗಿ ದುಡಿಯುವ ಮಗಳಿಗೆ ತಾಯಿಯ ಅನ್ನ ಭಾರವಾಯಿತೇ ಎಂದು ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕಲಾದೀತೇ?

ಆದದ್ದು ಇಷ್ಟು. ೧೯೮೫ರ ಬೇಸಿಗೆಯಲ್ಲಿ ಇಂಡಿಯನ್ ಗ್ರಾಸರಿಯ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ಇಂದು ಎಂಬ ಹೆಸರಿನ ಆ ಮಗಳು ಅದನ್ನು ಓದಿ ನಕ್ಕಳು.

"ಅವ್ವಾ, ಇಲ್ಲಿ ಕೇಳು. ಲಾಸ್ ಗ್ಯಾಟೋಸ್‌ನಲ್ಲಿ ಒಬ್ರು ಓಲ್ಡ್ ಮ್ಯಾನು ಇದಾರಂತೆ, ಮರೆವಿನ ಕಾಯಿಲೆ. ಸಿಲೋನ್‌ನಲ್ಲಿ ಡನ್‌ವೆರಿ ಅನ್ನೋ ಟೀ ಎಸ್ಟೇಟಿಗೆ ಮ್ಯಾನೇಜರ್ ಆಗಿದ್ರಂತೆ. ಅಲ್ಲಿನ ಕೂಲಿಗಳ ತಮಿಳು ಗೊತ್ತಿರೋ ಹೆಂಗಸು ಬೇಕಂತೆ."

"ಯಾವ ಎಸ್ಟೇಟು ಅಂದೆ? ಇನ್ನೊಂದ್ಸಲ ಓದವ್ವ."

ಇಂದು ಮತ್ತೆ ಓದಿದಳು. ದೊಡ್ಡತಾಯಮ್ಮ ಅಲ್ಲೇ ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟಳು.

ಇಂಗ್ಲಿಷರ ಆಳ್ವಿಕೆಯಲ್ಲಿ ಕೊಳ್ಳೇಗಾಲದ ಕಡೆಯ ಬಡವರನ್ನು ಮೇಸ್ತ್ರಿಗಳು ಆಸೆ ತೋರಿಸಿ ಹಡಗು ಹತ್ತಿಸಿ ಸಿಲೋನಿನ ಗುಡ್ಡಗಳಿಗೆ ಸಾಗಿಸುತ್ತಿದ್ದರು. ದೊಡ್ಡತಾಯಮ್ಮ ಹುಟ್ಟಿದ್ದು ಡನ್‌ವೆರಿಯ ಕೂಲಿ ಲೈನಿನ ಸಾಲುಮನೆಯ ಒಂದೇ ಕೋಣೆಯಲ್ಲಿ. ಅಲ್ಲಿ ಜ್ವರ ಬಂದವರೂ ಬೆಳಗಿನ ಹಾಜರಿಗೆ ನಿಲ್ಲಬೇಕಿತ್ತು. ಅವಳಿಗೆ ಹತ್ತು ವರ್ಷವಾಗಿದ್ದಾಗ ಅವ್ವ ನಂಜಮ್ಮ ಮೈ ಸುಡುತ್ತಿದ್ದರೂ ಕಂಬಳಿ ಹೊದ್ದು ಹಾಜರಿಗೆ ಹೋದಳು. ಸಂಜೆ ತಿರುಗಿ ಬರಲಿಲ್ಲ. ಅದೇ ದಿನ ಮೇಸ್ತ್ರಿಯೂ ಎಸ್ಟೇಟಿನಲ್ಲಿ ಕಾಣದಾದ. ಜನಕ್ಕೆ ಇನ್ನೇನು ಬೇಕು? ನಂಜಿ ಮೇಸ್ತ್ರಿಯ ಜೊತೆ ಓಡಿಹೋದಳು ಎಂದರು, ಆಫೀಸಿನ ಪುಸ್ತಕದಲ್ಲೂ ಹಾಗೇ ಬರೆದರು. ಅಪ್ಪ ಮೊದಲೇ ಸತ್ತಿದ್ದ. ಸೋದರಮಾವ ಹುಡುಗಿಯನ್ನು ಊರಿಗೆ ಕರೆತಂದ.

ಮುಂದೆ ಅತ್ತೆಯ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ "ಓಡೋದವಳ ಮಗಳಲ್ವಾ" ಎನ್ನಿಸಿಕೊಂಡಳು. ಅವಳಿಗೂ ಸಿಟ್ಟಿತ್ತು. ಅವ್ವನ ನೆನಪಾದಾಗಲೆಲ್ಲ ಶಾಪ ಹಾಕಿದಳು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಇಡುವಾಗ ಅವ್ವನಿಗೆ ಮಾತ್ರ ಎಲೆ ಹಾಕುವಂತಿರಲಿಲ್ಲ. ಸತ್ತ ಸುದ್ದಿ ಇಲ್ಲದವರಿಗೆ ಎಡೆ ಇಟ್ಟರೆ ಬದುಕಿದ್ದವರನ್ನು ಕೊಂದಂತೆ ಎನ್ನುತ್ತಾರೆ. ಹೀಗೆ ಐವತ್ನಾಲ್ಕು ವರ್ಷ ನಂಜಮ್ಮ ಸತ್ತವಳೂ ಅಲ್ಲದೆ ಬದುಕಿದವಳೂ ಅಲ್ಲದೆ ಉಪವಾಸ ಉಳಿದಳು.

ಕೂಲಿಗಳು ದೊರೆ ಎನ್ನುತ್ತಿದ್ದ ಆ ಮ್ಯಾನೇಜರಿಗೆ ಈಗ ಎಂಬತ್ತು ದಾಟಿತ್ತು. ಮರೆವಿನ ಕಾಯಿಲೆಯಂತೆ! ಹೆಂಡತಿ ಸತ್ತದ್ದು ನೆನಪಿರಲಿಲ್ಲ, ಸಾಕುತ್ತಿದ್ದ ಮಗಳ ಹೆಸರು ನೆನಪಿರಲಿಲ್ಲ, ಕೂಲಿಗಳ ಹೆಸರು ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಿಟಕಿಯ ಮುಂದೆ ಕುಳಿತು ತನ್ನ ಒಡಕು ತಮಿಳಿನಲ್ಲಿ ಹಾಜರಿ ಕೂಗುತ್ತಿದ್ದ. ಯಾರೂ ಓಗೊಡದಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ದೊಡ್ಡತಾಯಮ್ಮ ಪಕ್ಕದಲ್ಲಿ ನಿಂತು ಪ್ರತಿ ಹೆಸರಿಗೂ "ಸಾಮಿ" ಎನ್ನಬೇಕು. ಅದೇ ಅವಳ ಕೆಲಸ.

ಮೊದಲ ದಿನವೇ ಅವನು "ನಂಜಿ" ಎಂದ. ಅವ್ವ ಏನಾದಳೆಂದು ಕೇಳಲೆಂದೇ ಹೋದವಳ ನಾಲಿಗೆ ತಾನಾಗಿಯೇ "ಸಾಮಿ" ಎಂದುಬಿಟ್ಟಿತು. ತಡವಾಗಿ ಬರುವವರ ಹೆಸರಿಗೆ ಪಕ್ಕದವರು ಓಗೊಟ್ಟು ಕಾಪಾಡುವುದು ಲೈನಿನ ರೂಢಿ. ಅವನು ಮುಂದಿನ ಹೆಸರಿಗೆ ಹೋದ. ಮರುದಿನವೂ ಅಷ್ಟೇ. ಆ ಹೆಸರಿಗೆ ಓಗೊಡದಿದ್ದರೆ ಅವನೇ ಏನಾದರೂ ಹೇಳಿಯಾನು ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ? ಮೇಸ್ತ್ರಿಯ ಜೊತೆ ಹೋದದ್ದೇ ನಿಜ ಎಂದುಬಿಟ್ಟರೆ? ಆ ಭಯಕ್ಕೆ ಮೂರು ತಿಂಗಳು ಅವ್ವನ ಬದಲು ಓಗೊಟ್ಟಳು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಅವಳು ಹಲ್ಲು ಕಚ್ಚಿ ಸುಮ್ಮನೆ ನಿಂತಳು.

"ನಂಜಿ," ಎಂದ ದೊರೆ. "ನಂಜಿ! ನಂಜಿ!" ಎಸೆಯಲೆಂದು ಟೀ ಕಪ್ಪು ಎತ್ತಿದವನು ಹಾಗೇ ಕೆಳಗಿಟ್ಟ. ಏನೋ ಹೊಳೆದಂತೆ ಅವಳತ್ತ ತಿರುಗಿದ. ಅವಳನ್ನು ಗುಮಾಸ್ತನೆಂದು ತಿಳಿದಿದ್ದನೋ ಏನೋ, ದನಿ ತಗ್ಗಿಸಿದ.

"ಅವಳು ನಿನ್ನೆ ಇಳಿಜಾರಿನಲ್ಲಿ ಬಿದ್ದು ಸತ್ತಳಲ್ಲ. ಅಲ್ಲೇ ಹೂತು ಮೇಲೆ ಟೀ ಗಿಡ ನೆಡಿಸು. ಜ್ವರದಿಂದ ಸತ್ತಳೆಂದು ಗೊತ್ತಾದರೆ ಎಲ್ಲರೂ ಕಾಲು ಕೀಳುತ್ತಾರೆ. ಮೇಸ್ತ್ರಿಯನ್ನು ಹೊಸ ಆಳು ತರಲು ಇಂಡಿಯಾಕ್ಕೆ ಕಳಿಸಿದ್ದೀನಿ, ಅವನಿನ್ನು ಅಲ್ಲೇ ಇರುತ್ತಾನೆ. ಅವನ ಜೊತೆ ಓಡಿಹೋದಳು ಅಂತ ಬರೆದುಬಿಡು."

ಆಮೇಲೆ ಮುಂದಿನ ಹೆಸರು ಕೂಗಿದ. ಅವಳು ಅದಕ್ಕೆ ಓಗೊಡಲಿಲ್ಲ. ಕಪ್ಪು ಗೋಡೆಗೆ ಬಡಿದು ಚೂರಾಯಿತು.

ಸಂಜೆ ಕಾರಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಇಂದು ಫ್ರೀವೇ ಬಿಟ್ಟು ಕೆಳಗಿಳಿದು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದಳು. ದೊಡ್ಡತಾಯಮ್ಮ ಎದೆ ಎದೆ ಬಡಿದುಕೊಂಡು ಅತ್ತಳು. "ಬೈದ್ನಲ್ಲವ್ವ, ಇಷ್ಟು ವರ್ಸ ಬೈದ್ನಲ್ಲ. ನನ್ನ ಬಾಯಿಗೆ ಮಣ್ಣಾಕ!"

ಮರುದಿನ ಇಂದು ಆಸ್ಪತ್ರೆಗೆ ರಜೆ ಹಾಕಿದಳು. ಅಪಾರ್ಟ್‌ಮೆಂಟಿನ ಅಡುಗೆಮನೆಯನ್ನು ತೊಳೆದು, ಒಲೆ ಹಚ್ಚಿ, ಎಡೆಯ ಅಡುಗೆಗೆ ನಿಂತಳು. ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು.

"ಅಜ್ಜಿಗೆ ಏನು ಇಷ್ಟ ಇತ್ತವ್ವ? ಅದನ್ನೇ ಮಾಡ್ತೀನಿ."

ದೊಡ್ಡತಾಯಮ್ಮ ಎಲೆ ಒರೆಸುತ್ತ ನೆನೆದಳು. ಅವ್ವ ಸೊಪ್ಪು ಬೇಯಿಸಿದ್ದು ನೆನಪಿತ್ತು, ಬಡಿಸಿದ್ದು ನೆನಪಿತ್ತು, ಪಾತ್ರೆ ಬಳಿದು ಮಗಳ ತಟ್ಟೆಗೆ ಹಾಕಿದ್ದು ನೆನಪಿತ್ತು.

"ಗೊತ್ತಿಲ್ಲ ಕಣವ್ವ," ಎಂದಳು. "ಅವ್ವ ಉಣ್ಣೋದ ನಾನು ನೋಡೇ ಇಲ್ಲ."