ಬೀಗಿತ್ತಿಯ ಮೇಲಿನ ಪದಗಳು

ಮದುವೆಯಾಗಿ ಗಂಡನ ಮನೆಯ ಹೊಸ್ತಿಲಿಗೆ ಬಂದ ದಿನ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆವತ್ತು ಹುಟ್ಟಿದ ಸಿಟ್ಟನ್ನು ಇಪ್ಪತ್ತು ವರ್ಷ ಆರಲು ಬಿಡದೆ ಕಾಪಾಡಿಕೊಂಡೆ. ಮಕ್ಕಳನ್ನಾದರೂ ಅಷ್ಟು ಜೋಪಾನವಾಗಿ ಸಾಕಿದೆನೋ ಇಲ್ಲವೋ.

ನನ್ನ ತವರು ಅಜ್ಜಂಪುರ. ನನ್ನನ್ನು ಕೊಟ್ಟದ್ದು ಕಡೂರಿನಿಂದಾಚೆ ಸಖರಾಯಪಟ್ಟಣದ ಒಂದು ತೆಂಗಿನ ತೋಟದ ಮನೆಗೆ. ನಮ್ಮಲ್ಲಿ ಹೆಂಗಸರು ಗಂಡನ ಹೆಸರೆತ್ತುವುದಿಲ್ಲ. ಆದರೆ ಹೊಸ ಹೆಣ್ಣು ಮನೆ ತುಂಬುವ ದಿನ ಗಂಡಿನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಪದದಲ್ಲಿ ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅವ್ವ ನಾಲ್ಕು ಸಾಲು ಕಲಿಸಿ ಕಳಿಸಿದ್ದಳು. ಗಾಡಿಯಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದೆ. ಬಾಗಿಲಲ್ಲಿ ಗಂಡನ ಅಕ್ಕ, ತರೀಕೆರೆಗೆ ಕೊಟ್ಟಿದ್ದ ಅತ್ತಿಗೆ, ಕಂಕುಳಲ್ಲಿ ಮಗು ಎತ್ತಿಕೊಂಡು ಕೈ ಅಡ್ಡ ಹಿಡಿದು ನಿಂತಿದ್ದಳು. ಎದುರಿಗೆ ಅವಳಿಗೆ ಯಾವತ್ತೂ ಬಹುವಚನವನ್ನೇ ಕೊಟ್ಟಿದ್ದೇನೆ. ಇಲ್ಲಿ ಕೊಡುವ ಅಗತ್ಯ ಕಾಣುತ್ತಿಲ್ಲ.

ಅವಳನ್ನೂ ಹಿಂದಿದ್ದ ಜನವನ್ನೂ ನೋಡಿದ್ದೇ ತಡ, ನಾಲ್ಕು ಸಾಲೂ ಹಾರಿಹೋದವು. ಬಿಸಿಲಿಗೆ ಪಾದ ಸುಡುತ್ತಿತ್ತು. ಗಂಡ ನೆಲ ನೋಡುತ್ತ ನಿಂತಿದ್ದರು. ಕೊನೆಗೆ ಅತ್ತಿಗೆ ಕೈ ಇಳಿಸಿ, ಎಲ್ಲರಿಗೂ ಕೇಳುವ ಹಾಗೆ, "ಬಿಡ್ರೇ ದಾರೀನ. ಮೂಗೀನ ತಂದವ್ರೆ, ಅವ್ಳೇನು ಹೇಳ್ತಾಳೆ" ಅಂದಳು. ಅಂಗಳದ ತುಂಬ ನಗು. ಆ ನಗುವಿನ ನಡುವೆಯೇ ಅಕ್ಕಿ ಸೇರನ್ನು ಒದ್ದು ಒಳಗೆ ಹೋದೆ.

ಆಮೇಲೆ ಅವಳು ಇನ್ನೊಮ್ಮೆ ಹಾಗೆ ಕರೆದದ್ದು ನೆನಪಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ, ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಬಾವಿಕಟ್ಟೆಯಲ್ಲಿ ಯಾರಾದರೂ ಮಾತಾಡಿಸಿದರೆ, 'ಮೂಗಿ, ಸುಮ್ಮನಿರು' ಎಂದು ಒಳಗಿನಿಂದ ಒಂದು ದನಿ ಗದರುತ್ತಿತ್ತು. ಅದು ಅತ್ತಿಗೆಯದೇ ದನಿ.

ಹಿಟ್ಟಿನ ಗಿರಣಿ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಬೆಳಗ್ಗೆ ಅತ್ತೆ ರಾಗಿ ಬೀಸುತ್ತ ಹಾಡುತ್ತಿದ್ದರು, ಎದುರು ಕೂತು ಗೂಟ ಹಿಡಿಯುವವಳು ನಾನು. ಕಲ್ಲಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲವಾದ್ದರಿಂದ ಧೈರ್ಯವಾಗಿ ಬಾಯಿ ತೆರೆದೆ. ಕಲ್ಲು ನಿಂತರೆ ನಾನೂ ನಿಲ್ಲುತ್ತಿದ್ದೆ. ಎರಡು ವರ್ಷದ ಮೇಲೆ, ರಾಗಿ ಹೊಲದಲ್ಲಿ ಕಳೆ ಕೀಳುವಾಗ ಉಳಿದ ಹೆಂಗಸರ ಹಿಂದೆ ಸೊಲ್ಲು ಹೇಳಿದೆ. ಆಮೇಲೆ ಮದುವೆಮನೆಗಳಲ್ಲಿ ಹಾಡಿದೆ, ಮೊದಮೊದಲು ಕಂಬದ ಮರೆಯಲ್ಲಿ, ಬರುಬರುತ್ತ ಮುಂದೆ ಕೂತು. ಕಡೆಗೆ ಕಡೂರಿನವರು ನನ್ನನ್ನು ಕರೆದೊಯ್ಯಲು ಗಾಡಿ ಕಳಿಸುವಂತಾಯಿತು. ಗಾಡಿ ಹತ್ತುವಾಗಲೂ, ಇವರು ಬೇರೆ ಯಾರನ್ನೋ ಕರೆಯಲು ಹೋಗಿ ನನ್ನನ್ನು ಕರೆದಿದ್ದಾರೆ ಅನ್ನಿಸುತ್ತಿತ್ತು.

ಈ ವರ್ಷಗಳುದ್ದಕ್ಕೂ ಒಳಗೊಳಗೇ ಅತ್ತಿಗೆಯ ಮೇಲೆ ಪದ ಕಟ್ಟುತ್ತಲೇ ಇದ್ದೆ. ಬೀಗರ ಊಟದ ಹೊತ್ತಿಗೆ ಹೆಣ್ಣಿನ ಕಡೆಯವರು ಗಂಡಿನ ತಾಯಿಯನ್ನು ಹಾಡಿನಲ್ಲಿ ಹೀಯಾಳಿಸುವುದು ನಮ್ಮ ಪದ್ಧತಿ. ಅವಳು ಸಿಟ್ಟಾಗುವಂತಿಲ್ಲ, ಹಾಡಿನಲ್ಲೇ ಉತ್ತರ ಕೊಡಬೇಕು. ನನಗೆ ಬೇಕಾಗಿದ್ದದ್ದು ಅದೇ. ಆವತ್ತು ಅತ್ತಿಗೆಯ ಕಂಕುಳಲ್ಲಿದ್ದ ಮಗು ಗಂಡು. ನನಗಿದ್ದವರೂ ಗಂಡುಮಕ್ಕಳು, ಆದರೆ ಅಜ್ಜಂಪುರದಲ್ಲೇ ಕೊಟ್ಟಿದ್ದ ನನ್ನ ಅಕ್ಕನಿಗೆ ಮಗಳಿದ್ದಳು, ವರಸೆಯೂ ಕೂಡಿತ್ತು. ಆ ಸಂಬಂಧಕ್ಕೆ ನಾನು ಎಷ್ಟು ಓಡಾಡಿದೆನೆಂದರೆ, ಅಕ್ಕ ನನ್ನನ್ನು ಬಹಳ ಒಳ್ಳೆಯವಳೆಂದು ತಿಳಿದಳು. ಹುಡುಗ ಒಳ್ಳೆಯವನಾದದ್ದು ನನ್ನ ಪುಣ್ಯ.

ಅಜ್ಜಂಪುರದ ಮದುವೆ ಚಪ್ಪರದಲ್ಲಿ ಮಧ್ಯಾಹ್ನ ಎಲೆ ಹಾಕಿದರು. ಅತ್ತಿಗೆ ಹೊಸ ಸೀರೆಯುಟ್ಟು ಪಂಕ್ತಿಯ ನಡುವೆ ಕೂತಳು. ಹೋಳಿಗೆ ಬಡಿಸಿದ್ದೇ ಶುರು ಮಾಡಿದೆ:

ತುಪ್ಪದ ಗಡಿಗೇನ ಸೊಂಟಕ್ಕೆ ಕಟ್ಕೊಂಡು
ತಿರುಗ್ತಾಳೆ ನಮ್ಮ ಬೀಗಿತ್ತಿ
ಬಡಿಸೆಂದು ಕೇಳಿದ್ರೆ ಸೌಟನ್ನು ತಂದು
ಮೂಸೋಕೆ ಕೊಡ್ತಾಳೆ ಬೀಗಿತ್ತಿ

ಮೊದಲು ನಕ್ಕವರು ಅವಳ ಕಡೆಯವರೇ. ತುಪ್ಪ ಬಡಿಸುವಾಗ ಅವಳ ಕೈ ಎಷ್ಟು ಬಿಗಿಯೆಂದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಅತ್ತಿಗೆ ಉತ್ತರಕ್ಕೆ ಒಂದು ಸಾಲು ಎತ್ತಿದಳು. ಎರಡನೆಯದು ಹೊರಡಲಿಲ್ಲ. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಏನತ್ತಿಗೆ, ನಾಲಿಗೇನ ತರೀಕೆರೇಲೇ ಬಿಟ್ಬಂದ್ರಾ?" ಅಂದೆ.

ಅವಳು ಸೆರಗಿನಿಂದ ಬೆವರೊರೆಸಿಕೊಂಡು ನಕ್ಕಳು. ಪಕ್ಕದವಳ ಕಡೆ ತಿರುಗಿ, "ಇವ್ಳ ಬಾಯಿಗೆ ಯಾರು ಈಡು ಕಣೇ? ನಮ್ಮನೆ ಹೊಸ್ಲು ತುಳಿದ ದಿನದಿಂದ್ಲೂ ಹಿಂಗೇ. ಹುಟ್ತಾನೇ ಹಾಡ್ಕೊಂಡು ಬಂದೋಳು" ಅಂದಳು.

ಅದು ಅಣಕವಲ್ಲ, ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಸುತ್ತಲಿನವರೂ ಹೌದೆಂದು ತಲೆಯಾಡಿಸಿದರು. ಆವತ್ತು ಮರ್ಯಾದೆ ಕಳೆದಿದ್ದಳು, ಈಗ ಇಪ್ಪತ್ತು ವರ್ಷದ ನನ್ನ ದುಡಿಮೆಯನ್ನೇ ಒಂದು ಮಾತಿನಲ್ಲಿ ಕಿತ್ತುಕೊಂಡಳು. ಬಿಸಿಲಲ್ಲಿ ನಿಂತಿದ್ದ ಆ ಹುಡುಗಿ ಯಾರಿಗೂ ನೆನಪಿಲ್ಲ. ಅವಳನ್ನು ಮರೆಯದೆ ಉಳಿದವಳು ನಾನೊಬ್ಬಳೇ. ದಿನಾ ಅವಳನ್ನು ಬೈದವಳೂ ನಾನೊಬ್ಬಳೇ. ಅವಳು ಎಲ್ಲಿಂದ ಎಲ್ಲಿಗೆ ಬಂದಳೆಂದು ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು?

"ಸುಳ್ಳು" ಅಂದೆ. ಹಾಡಿನಲ್ಲಲ್ಲ, ಬರೀ ಮಾತಿನಲ್ಲಿ. "ಆವತ್ತು ಹೊಸ್ಲಲ್ಲಿ ನಂಗೆ ಒಂದಕ್ಷರಾನೂ ಬರ್ಲಿಲ್ಲ. ಎಲ್ರೆದ್ರಿಗೂ ಮೂಗಿ ಅಂದ್ರಿ ನೀವು. ಇದೆಲ್ಲ ಬೀಸೋ ಕಲ್ಲಿನ ಮುಂದೆ ಕೂತು ಒಂದೊಂದೇ ಸಾಲು ಕಲ್ತಿದ್ದು. ಹುಟ್ತಾ ತಂದಿದ್ದಲ್ಲ."

ಅತ್ತಿಗೆಯ ಕೈಯಲ್ಲಿ ಮುರಿದ ಹೋಳಿಗೆ ಹಾಗೇ ಉಳಿಯಿತು.

"ನಾನಾ?" ಅಂದಳು.

"ಹೂಂ, ನೀವೇ."

ಇಷ್ಟು ಜನರ ಎದುರು ನನ್ನ ಸೋಲನ್ನು ನಾನೇ ಹೇಳಿಕೊಂಡೆನಲ್ಲ, ಈಗ ಒಳಗಿನ ದನಿ ಗದರುತ್ತದೆ ಎಂದು ಕಾದೆ. ಗದರಲಿಲ್ಲ.

ಅತ್ತಿಗೆಯನ್ನು ಕ್ಷಮಿಸಿದೆನೆಂದು ಮಾತ್ರ ಯಾರೂ ತಿಳಿಯಬಾರದು. ಅವಳ ಮೇಲೆ ಕಟ್ಟಿದ ಪದಗಳು ಇನ್ನೂ ಏಳೆಂಟು ಉಳಿದಿದ್ದವು. ಎಲೆಗೆ ಮಜ್ಜಿಗೆ ಬರುವುದರೊಳಗೆ ಅಷ್ಟನ್ನೂ ಹಾಡಿ ಮುಗಿಸಿದೆ.