ಗುರುಪುತ್ರಪ್ಪ ತಾರೀಖು ತಿರುಗಿ ಕೊಡಲು ಹೋದದ್ದು

ಎಂಬತ್ತರ ದಶಕದಲ್ಲಿ ಖಾನಾಪುರದ ಹಂಚಿನ ಕಾರಖಾನೆಗಳ ಕೆಲಸಗಾರರು ಏನಾದರೂ ತಕರಾರು ಬಂದರೆ ಮೊದಲು ನೆನೆಯುತ್ತಿದ್ದುದು ಗುರುಪುತ್ರಪ್ಪ ವಕೀಲರನ್ನು. ಆದರೆ ಎಪ್ಪತ್ತೇಳನೆಯ ಇಸವಿಯಲ್ಲಿ ಅದೇ ಗುರುಪುತ್ರಪ್ಪನಿಗೆ ನ್ಯಾಯಾಲಯದಲ್ಲಿ ಆಡಲು ಬರುತ್ತಿದ್ದುದು ಒಂದೇ ಮಾತು: "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮೀ, ದಯವಿಟ್ಟು ಮುಂದಿನ ತಾರೀಖು ಕೊಡಬೇಕು."

ಖಾಸಬಾಗದ ನೇಕಾರರ ಓಣಿಯಲ್ಲಿ ಹುಟ್ಟಿದ ಹುಡುಗ. ಕಾನೂನು ಓದಿ ಬೆಳಗಾವಿಯ ಬಾಳಕೃಷ್ಣರಾಯರ ಕಚೇರಿಗೆ ಜೂನಿಯರ್ ಆಗಿ ಸೇರಿದ್ದ. ರಾಯರ ಬಳಿ ಬಾರದ ವ್ಯಾಜ್ಯವೇ ಇರಲಿಲ್ಲ. ಮುಂಜಾನೆ ಹೊಲದ ಬದುವಿನ ಜಗಳ, ಮಧ್ಯಾಹ್ನ ಅರಿವೆ ಅಂಗಡಿಯ ಪಾಲುದಾರರ ಮುನಿಸು, ಸಂಜೆ ಕೆಲಸ ಕಳೆದುಕೊಂಡವರ ಅಹವಾಲು. ಒಮ್ಮೆ ಗುರುಪುತ್ರಪ್ಪ ಇಬ್ಬರು ಪಾಲುದಾರರಿಗೆ, "ಅಣ್ಣತಮ್ಮರಂಗ ಇರ್ರಿ" ಎಂದು ಬುದ್ಧಿ ಹೇಳಲು ಹೋದ. "ಅಣ್ಣತಮ್ಮರ ಅದೀವ್ರಿ, ಅದಕ್ಕ ಇಲ್ಲೀತನಕಾ ಬಂದೀವಿ" ಎಂದರು ಅವರು.

ರಾಯರು ಒಂದು ಕೋರ್ಟಿನಲ್ಲಿ ವಾದಿಸುತ್ತಿದ್ದಾಗ ಉಳಿದೆಡೆಯೆಲ್ಲ ಎದ್ದು ನಿಂತು ತಾರೀಖು ಕೇಳುವುದು ಜೂನಿಯರನ ಕೆಲಸ. ಎದುರು ಪಕ್ಷದ ಹಿರಿಯರೂ ರಾಯರ ಮುಖ ನೋಡಿ ಅಡ್ಡಿ ಮಾಡುತ್ತಿರಲಿಲ್ಲ. ಅವರ ಜೂನಿಯರು ಕೇಳಿದಾಗ ರಾಯರೂ ಅಡ್ಡಿ ಮಾಡುತ್ತಿರಲಿಲ್ಲ. ವಕೀಲರ ನಡುವಿನ ರೂಢಿ ಅದು. ಗುರುಪುತ್ರಪ್ಪನ ನಾಲಿಗೆಗಂತೂ ಆ ವಾಕ್ಯ ಮಗ್ಗಿಯಂತೆ ಹತ್ತಿಬಿಟ್ಟಿತ್ತು.

ಹೀಗಿರುವಾಗ ನಂದಗಡದ ಮಾಯಕ್ಕ ಕಚೇರಿಯ ಮೆಟ್ಟಿಲು ಹತ್ತಿದಳು. ಖಾನಾಪುರದ ಒಂದು ಹಂಚಿನ ಕಾರಖಾನೆಯಲ್ಲಿ ಹಂಚು ಹೊರುವ ಹೆಂಗಸು. ಬೇಸಿಗೆಯಲ್ಲಿ ಮ್ಯಾನೇಜರ್ ಹೆಂಗಸರ ಕುಡಿಯುವ ನೀರಿನ ಕೊಡವನ್ನು ಭಟ್ಟಿಯ ಬದಿಯಿಂದ ಎತ್ತಿಸಿ ದೂರದ ತನ್ನ ಕೋಣೆಯ ಮುಂದೆ ಇಡಿಸಿದ. ಮಾಯಕ್ಕ ಎಲ್ಲರನ್ನೂ ಕೂಡಿಸಿಕೊಂಡು ಕೆಲಸ ಬಿಟ್ಟು ಕುಳಿತಳು. ಮ್ಯಾನೇಜರ್ ಅವಳೊಬ್ಬಳನ್ನೇ ಕೆಲಸದಿಂದ ತೆಗೆದ. ಆ ತಕರಾರು ಬೆಳಗಾವಿಯ ಕಾರ್ಮಿಕ ಅಧಿಕಾರಿಯ ಮುಂದಿತ್ತು. ಅಷ್ಟರಲ್ಲಿ, ಕಾರಖಾನೆಯ ಚಾಳಿನಲ್ಲಿ, ಕೆಲಸಗಾರರ ಆ ಸಾಲುಮನೆಯಲ್ಲಿ, ಅವಳಿಗೆ ವಾಸಕ್ಕೆ ಕೊಟ್ಟಿದ್ದ ಖೋಲಿಯನ್ನೂ ಬಿಡಬೇಕೆಂದು ಹುಕುಂ ಬಂತು.

"ಇದನ್ನ ನೀನ ನಡಸು. ನನ್ನ ಹೆಸರ ಬ್ಯಾಡ" ಎಂದರು ರಾಯರು.

ಗುರುಪುತ್ರಪ್ಪನ ಸ್ವಂತದ ಮೊದಲ ದಾವೆ. ಖಾನಾಪುರದ ಮುನ್ಸೀಫ್ ಕೋರ್ಟಿನಲ್ಲಿ ಅರ್ಜಿ ಹಾಕಿ ಖೋಲಿ ಬಿಡಿಸದಂತೆ ತಡೆಯಾಜ್ಞೆ ತಂದ. ಅದು ಮುಂದಿನ ತಾರೀಖಿನವರೆಗೆ ಮಾತ್ರ. ಆ ದಿನ ವಾದ ಮಾಡಿಯೋ ಕೇಳಿಕೊಂಡೋ ಅದನ್ನು ಮುಂದುವರಿಸಿಕೊಳ್ಳಬೇಕು. ಇಲ್ಲದಿದ್ದರೆ ಅಂದಿಗೇ ಅದರ ಆಯುಷ್ಯ ಮುಗಿಯುತ್ತದೆ.

ವಾದವನ್ನು ಅವನು ಬಾಯಿಪಾಠ ಮಾಡಿದ. ಖಾನಾಪುರದ ಗಾಡಿಯಲ್ಲೂ ಕಣ್ಣು ಮುಚ್ಚಿ ತುಟಿ ಆಡಿಸುತ್ತಲೇ ಇದ್ದ. ಎದುರಿಗೆ ಕುಳಿತ ಮುದುಕಿಯೊಬ್ಬಳು ದೇಸೂರಿನಲ್ಲಿ ಇಳಿಯುವಾಗ, "ಈಗಿನ ಕಾಲದಾಗ ಇಷ್ಟ ಜಪಾ ಮಾಡಾವ್ರು ಯಾರದಾರಪ್ಪಾ" ಎಂದು ತಲೆ ಸವರಿ ಹೋದಳು.

ಕೋರ್ಟಿನಲ್ಲಿ ಹೆಸರು ಕೂಗಿದರು. ಗುರುಪುತ್ರಪ್ಪ ಎದ್ದು ಗೌನು ಸರಿಪಡಿಸಿಕೊಂಡ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ಅವನು ಬಾಯಿ ತೆರೆದ.

"ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮೀ, ದಯವಿಟ್ಟು ಮುಂದಿನ ತಾರೀಖು ಕೊಡಬೇಕು."

ಕಾರಖಾನೆಯ ಪರವಾಗಿದ್ದವರು ಬೆಳಗಾವಿಯ ಹಿರಿಯ ವಕೀಲರಾದ ದಿಗಂಬರರಾವ್. ಅವರು ಎಂದಿನಂತೆ, "ನಮ್ಮದೇನೂ ಅಡ್ಡಿಯಿಲ್ಲ" ಎಂದರು. ಮುಂದಿನ ತಿಂಗಳಿಗೆ ತಾರೀಖು ಬಿತ್ತು. ಗುರುಪುತ್ರಪ್ಪ ನಡು ಬಗ್ಗಿಸಿ ವಂದಿಸಿ ಹೊರಗೆ ಬಂದ.

ಪಡಸಾಲೆಯಲ್ಲಿ ಮಾಯಕ್ಕ ಕಾದಿದ್ದಳು. "ಭಾಳ ಲಗೂ ಮುಗೀತಲ್ರಿ ಸಾಹೇಬ್ರ! ನಾ ಇನ್ನೂ ಸೆರಗ ಸಾವರಿಸಿ ಕುಂದ್ರಾಕತ್ತಿದ್ನಿ."

ಅವನು ಉತ್ತರಿಸುವ ಮೊದಲೇ ಮ್ಯಾನೇಜರ್ ನಗುತ್ತ ಹಾದುಹೋದ. "ಮಾಯಕ್ಕಾ, ಸಾಮಾನ ಕಟ್ಟು. ತಡೆಯಾಜ್ಞೆ ಇವತ್ತಿಗೆ ತೀರ್ತು. ಸಂಜೀಕ ಖೋಲಿಗೆ ಕೀಲಿ ಹಾಕಾಕ ಬರ್ತೀನಿ."

ಗುರುಪುತ್ರಪ್ಪನಿಗೆ ಆಗ ಹೊಳೆಯಿತು, ತಾನು ಏನು ಕೇಳಿದೆ, ಏನು ಕೇಳಲಿಲ್ಲ ಎಂಬುದು. ಒಳಗೆ ಓಡಿದರೆ ನ್ಯಾಯಾಧೀಶರು ಊಟಕ್ಕೆ ಎದ್ದಿದ್ದರು. "ಎದುರು ಪಕ್ಷದ ವಕೀಲರನ್ನ ಕರ್ಕೊಂಡ ಬರ್ರಿ, ಆಮ್ಯಾಲ ಹೇಳಿ ನೋಡೂಣು. ಅವರಿಲ್ದ ಸಾಹೇಬ್ರು ಕೇಳೂದಿಲ್ಲ" ಎಂದ ಗುಮಾಸ್ತ. ದಿಗಂಬರರಾವ್ ಆಗಲೇ ಸ್ಟೇಷನ್ನಿನ ದಾರಿ ಹಿಡಿದಿದ್ದರು.

ಗೌನು ಹಾರಿಸುತ್ತ ವಕೀಲ ಓಡಿದ, ಕಚ್ಚೆ ಬಿಗಿದು ಕಕ್ಷಿದಾರಳೂ ಓಡಿದಳು. ಓಟದಲ್ಲಿ ಅವಳೇ ಮುಂದು.

ದಿಗಂಬರರಾವ್ ಸ್ಟೇಷನ್ನಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಚಪಾತಿಗೆ ಶೇಂಗಾ ಚಟ್ನಿಯ ಹಿಂಡಿ ಹಚ್ಚುತ್ತಿದ್ದರು. "ಏನೋ ತಮ್ಮಾ, ಇನ್ನೊಂದ ತಾರೀಖ ಬೇಕೇನು?"

"ಇಲ್ರಿ ಸರ. ತಗೊಂಡ ತಾರೀಖ ತಿರುಗಿ ಕೊಡಾಕ ಬಂದೀನ್ರಿ."

ರಾವ್ ಅವರ ಕೈಯ ತುತ್ತು ಅಲ್ಲಿಯೇ ನಿಂತಿತು. "ಏನಂದಿ?"

"ಈ ಕೇಸಿಗೆ ಸೀನಿಯರ್ ಅಂತ ಯಾರೂ ಇಲ್ರಿ. ವಕಾಲತ್ತ ನನ್ನ ಹೆಸರ್ಲೇ ಐತಿ. ರೂಢಿ ಬಿದ್ದದ್ದು, ಬಾಯಾಗ ಬಂದಬಿಡ್ತು."

ರಾವ್ ನಕ್ಕ ರಭಸಕ್ಕೆ ಹಿಂಡಿಯೆಲ್ಲ ಕೋಟಿನ ಮೇಲೆ ಚೆಲ್ಲಿತು. "ಇಲ್ಲದ ಸೀನಿಯರಗ ತಾರೀಖ ಇಸ್ಕೊಂಡಿ! ಬಾಳಕೃಷ್ಣಗ ಹೇಳ್ಬೇಕ ಇದನ್ನ."

"ಹೇಳ್ರಿ ಸರ. ಆದ್ರ ಸಂಜೀಕ ಈಕೀ ಮನಿಗೆ ಕೀಲಿ ಬೀಳ್ತೇತಿ."

"ಬೀಳ್ಲಿ. ನಾ ಕಾರಖಾನಿ ವಕೀಲ ಇದ್ದೀನಿ. ನಿನ್ನ ತಪ್ಪ ತಿದ್ದಾಕ ನಾ ಯಾಕ ತಿರುಗಿ ಬರ್ಲಿ?"

ದೂರದಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಗುರುಪುತ್ರಪ್ಪ ಏದುಸಿರು ಬಿಡುತ್ತಲೇ ಹೇಳಿದ: "ನೀವು ಅಡ್ಡಿಯಿಲ್ಲ ಅಂದದ್ದು ನಮ್ಮ ರಾಯರ ಮಾರಿ ನೋಡಿ, ಹೌದಲ್ರಿ? ಅವರು ಈ ಕೇಸಿನಾಗ ಇಲ್ಲನ ಇಲ್ಲ. ಅವರ ಹೆಸರ್ಲೇ ಸಿಕ್ಕದ್ದನ್ನ ನಾ ಹೆಂಗ ಇಟ್ಕೊಳ್ಳಿ? ನೀವರ ಅದರ ಮ್ಯಾಲ ಹೆಂಗ ಗೆಲ್ತೀರಿ?"

ಗಾಡಿ ಬಂದು ನಿಂತಿತು, ಜನ ಹತ್ತಿದರು, ಇಳಿದರು. ರಾವ್ ಗಾಡಿ ಹತ್ತದೆ ಡಬ್ಬಿಗೆ ಮುಚ್ಚಳ ಹಾಕಿದರು. "ನಡಿ. ಆದ್ರ ಬರೇ ಮುಂದುವರಿಸ್ರಿ ಅಂತ ಕೈ ಮುಗಿಯೂದಲ್ಲ. ಇವತ್ತ ನಿಂತು ವಾದಾ ಮಾಡ್ಬೇಕು. ನಾನೂ ಬಿಡಾಂವಲ್ಲ, ಹೇಳಿರ್ತೀನಿ."

ಮಧ್ಯಾಹ್ನ ನ್ಯಾಯಾಧೀಶರು ಇಬ್ಬರನ್ನೂ ನೋಡಿ, "ನಿಮ್ಮ ಸೀನಿಯರ್ ಬಂದರೇ?" ಎಂದು ಕೇಳಿದರು.

"ಈ ಪ್ರಕರಣಕ್ಕೆ ಸೀನಿಯರ್ ಇಲ್ಲ ಸ್ವಾಮೀ. ನಾನೇ ಇರುವುದು. ತಪ್ಪಾಯಿತು."

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಬಾಯಿಪಾಠದ ವಾದ ಒಂದಕ್ಷರವೂ ನೆನಪಿಗೆ ಬರಲೊಲ್ಲದು. ಗುರುಪುತ್ರಪ್ಪ ನೀರಿನ ಕೊಡದಿಂದಲೇ ಶುರುಮಾಡಿದ, ನೆರೆಮನೆಯವರ ಸುದ್ದಿ ಹೇಳುವವನಂತೆ. ಖೋಲಿ ಕೊಟ್ಟದ್ದು ಕೆಲಸಕ್ಕಾಗಿ. ಕೆಲಸ ಹೋಯಿತೋ ಉಳಿಯಿತೋ ಎಂಬುದನ್ನು ಕಾರ್ಮಿಕ ಅಧಿಕಾರಿ ಇನ್ನೂ ವಿಚಾರಿಸುತ್ತಿದ್ದಾರೆ. ಅದಕ್ಕೂ ಮೊದಲು ಖೋಲಿಗೆ ಬೀಗ ಬಿದ್ದರೆ ಆ ವಿಚಾರಣೆಗೆ ಅರ್ಥವೇನು ಉಳಿಯಿತು? ಹೇಳುತ್ತ ಹೇಳುತ್ತ ಅವನ ದನಿ ಗಟ್ಟಿಯಾಯಿತು. ರಾವ್ ಕೊಟ್ಟ ಮಾತಿನಂತೆ ಬಿಡಲಿಲ್ಲ. ಮಾಲೀಕನ ಹಕ್ಕು, ಕಾರಖಾನೆಯ ಶಿಸ್ತು, ಖೋಲಿಗಾಗಿ ಕಾದಿರುವ ಬೇರೆ ಕೆಲಸಗಾರರು ಎಂದು ಒಂದೊಂದನ್ನೂ ಎತ್ತಿದರು. ಹುಡುಗ ಎರಡು ಸಲ ತಡವರಿಸಿದ, ಮೂರನೆಯ ಸಲ ತಿರುಗಿ ಉತ್ತರ ಕೊಟ್ಟ.

ಕಾರ್ಮಿಕ ತಕರಾರು ತೀರುವವರೆಗೆ ಖೋಲಿ ಬಿಡಿಸಕೂಡದೆಂದು ಆದೇಶವಾಯಿತು.

ಮ್ಯಾನೇಜರನಿಗೆ ಸುದ್ದಿ ಮುಟ್ಟಿಸಲು ರಾವ್ ಅವರೇ ಚಾಳಿನವರೆಗೆ ನಡೆದು ಬಂದರು. ಕೀಲಿ ಹಿಡಿದು ಬಂದಿದ್ದ ಅವನು ಗೊಣಗುತ್ತ ಹಿಂದಿರುಗಿದ. ಮಾಯಕ್ಕ ಅಷ್ಟರಲ್ಲಿ ಒಲೆ ಹೊತ್ತಿಸಿ ಚಹಕ್ಕೆ ನೀರಿಟ್ಟಾಗಿತ್ತು.

"ಒಳಗ ಬರ್ರಿ ಇಬ್ರೂ, ಕುಂದರ್ರಿ."

ಗುರುಪುತ್ರಪ್ಪ ತಲೆ ಬಗ್ಗಿಸಿ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತ. ರಾವ್ ಮಾತ್ರ ಹೊಸ್ತಿಲ ಆಚೆಯೇ ನಿಂತರು.

"ಯಾಕ್ರಿ ಸಾಹೇಬ್ರ, ನಮ್ಮ ಮನ್ಯಾಗ ಚಾ ಕುಡ್ಯಾಂಗಿಲ್ಲೇನು?"

"ಕುಡೀತೀನಿ ತಂಗಿ, ಸಕ್ರಿ ಜಾಸ್ತಿ ಹಾಕು. ಆದ್ರ ಇಲ್ಲೇ ಕೊಡು. ಒಳಗ ಬಂದು ಕುಂತ್ರ ಇದು ನಿನ್ನ ಮನಿ ಅಂತ ನಾ ಒಪ್ಪಿಕೊಂಡಂಗ ಆಗ್ತೇತಿ. ಕೇಸ ಇನ್ನೂ ಮುಗಿದಿಲ್ಲ!"