ಬೀಗ ಹಾಕಿದ ಮನೆಯ ಕರೆಂಟ್ ಬಿಲ್

ಸ್ನೇಹಿತರೇ, ಒಬ್ಬನೇ ಇರುವ ನನ್ನ ಮನೆಗೆ ಇವತ್ತು ಯದ್ವಾತದ್ವಾ ಕರೆಂಟ್ ಬಿಲ್ ಬಂದಿದೆ. ಹೆಂಡತಿ ಬಾಣಂತನಕ್ಕೆ ಹೊಸಕೋಟೆಯ ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ಹಗಲೆಲ್ಲ ನಾನು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿರುತ್ತೇನೆ.

ಬಿಲ್ ಹಿಡಿದು ಕರೆಂಟ್ ಆಫೀಸಿಗೆ ಹೋದೆ.

"ಬಂದಾಗೆಲ್ಲ ಬೀಗ ಸಾರ್, ಮೀಟರ್ ಒಳಗೈತೆ. ಹೋದ್ ವರ್ಷದ್ದು ನೋಡಿ ಅಂದಾಜಿಗೆ ಹಾಕವ್ರೆ," ಎಂದರು ಗುಮಾಸ್ತರು.

"ಆವಾಗ ಅವ್ಳು ಮನೇಲಿದ್ಲು ಕಣ್ರೀ!" ಎಂದು ಕೂಗಿಯೇಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಅದನ್ನೇ ಅರ್ಜೀಲಿ ಬರ್ಕೊಡಿ, ಸರಿ ಮಾಡ್ತೀವಿ."

ಬರೆಯಲು ಕುಳಿತವನು ಬಿಲ್ಲನ್ನೇ ನೋಡುತ್ತಾ ಉಳಿದೆ. ಬೆಳಗಿನ ಮಿಕ್ಸಿ, ಸಂಜೆಯ ಧಾರಾವಾಹಿ, ಅವಳು ಆರಿಸಲು ಮರೆಯುತ್ತಿದ್ದ ಅಡುಗೆಮನೆಯ ದೀಪ, ಎಲ್ಲವೂ ಅದರಲ್ಲಿತ್ತು. ಅವಳು ಮನೆಯಲ್ಲೇ ಇದ್ದಾಳೆಂದು ಇಷ್ಟು ದಿನ ನಂಬಿದ್ದು ಆ ಆಫೀಸಿನವರು ಮಾತ್ರ. ಇಲ್ಲವೆಂದು ನಾನೇ ಕೈಯಾರೆ ಬರೆದುಕೊಟ್ಟು ಬಂದೆ.